ಬಲೂನಿನ ಗಾಂಬೆಟ್ಟಾ, ಹಳ್ಳಿಯ ಮತ ಕೇಳಿದ ಗಾಂಬೆಟ್ಟಾ: ನಾಟಕಕ್ಕೆ ಯಾರನ್ನು ಆರಿಸಲಿ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಉಪನ್ಯಾಸಕಿ. ಈ ವರ್ಷದ ವಾರ್ಷಿಕೋತ್ಸವಕ್ಕೆ ಫ್ರಾನ್ಸಿನ ಗಣರಾಜ್ಯವಾದಿ ನಾಯಕ ಲಿಯೋನ್ ಗಾಂಬೆಟ್ಟಾನ ಮೇಲೆ ಮುಕ್ಕಾಲು ಗಂಟೆಯ ನಾಟಕ ಬರೆಯುತ್ತಿದ್ದೇನೆ. ಮುತ್ತಿಗೆಗೆ ಸಿಕ್ಕ ಪ್ಯಾರಿಸ್ಸಿನಿಂದ ಆತ ಬಲೂನಿನಲ್ಲಿ ಹಾರಿಹೋದ ಕಥೆ ಮಕ್ಕಳಿಗೆ ತುಂಬ ಹಿಡಿಸಿತು. ಆದರೆ ಓದುತ್ತ ಹೋದಂತೆ ನನಗೇ ಗೊಂದಲ ಹೆಚ್ಚಾಗಿದೆ. ಶಾಲೆ ಬಿಡಿಸಿಕೊಳ್ಳಲು ತನ್ನ ಕಣ್ಣನ್ನು ತಾನೇ ಚುಚ್ಚಿಕೊಂಡನಂತೆ. ಪ್ರೇಯಸಿಯೇ ಗುಂಡು ಹಾರಿಸಿ ಕೊಂದಳಂತೆ. ಫ್ರಾನ್ಸಿಗೆ ಉಚಿತ ಶಿಕ್ಷಣ ತಂದವನು ಇವನೇ ಅಂತೆ. ಇನ್ನೊಂದು ಕಡೆ, ಅಧಿಕಾರದ ಹತ್ತಿರ ಬಂದ ಮೇಲೆ ತನ್ನ ಬಡ ಮತದಾರರನ್ನೇ ಮರೆತ ಅವಕಾಶವಾದಿ ಎಂದೂ ಬರೆದಿದ್ದಾರೆ. ಇವುಗಳಲ್ಲಿ ಯಾವುದು ನಿಜ? ಪ್ರೇಯಸಿಯ ಗುಂಡನ್ನು ಬಿಟ್ಟರೆ ನಾಟಕಕ್ಕೆ ಅಂತ್ಯವೇ ಇಲ್ಲದಂತಾಗುತ್ತದೆ, ಇಟ್ಟುಕೊಂಡರೆ ಮಕ್ಕಳಿಗೆ ಸುಳ್ಳು ಹೇಳಿಕೊಟ್ಟಂತಾಗುತ್ತದೆ. ಆತನ ಬದುಕಿನ ಯಾವ ಭಾಗ ತೆಗೆದುಕೊಳ್ಳಲಿ? ಹಿನ್ನೆಲೆ ಪರದೆಯ ಮೇಲೆ ‘ಸದಾ ನೆನೆಯಿರಿ, ಎಂದೂ ಆಡಬೇಡಿ’ ಎಂಬ ಆತನ ಮಾತನ್ನು ಬರೆಸಬಹುದೇ?

ಉತ್ತರ: ನಿಮ್ಮ ಚಿಂತೆ ಎರಡು ಎಳೆಗಳದ್ದು. ದಂತಕಥೆಗಳನ್ನು ಕಿತ್ತುಹಾಕಿದರೆ ರಂಗದ ಮೇಲೆ ಏನೂ ಉಳಿಯುವುದಿಲ್ಲವೇನೋ ಎಂಬ ಭಯ ಒಂದು. ನಾಯಕನೆಂದು ಆರಿಸಿಕೊಂಡವನು ಕೊನೆಗೆ ನಾಯಕನೇ ಅಲ್ಲವೇನೋ ಎಂಬ ಅನುಮಾನ ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಈ ಮನುಷ್ಯನ ವಿಷಯದಲ್ಲಿ ದಂತಕಥೆಗಿಂತ ದಾಖಲೆಯೇ ಹೆಚ್ಚು ನಾಟಕೀಯವಾಗಿದೆ. ಎರಡನೆಯದನ್ನು ಮಾತ್ರ ನಿಧಾನವಾಗಿ ಬಿಡಿಸಬೇಕು. ಆತನ ಬದುಕಿನ ತಿರುಳು ಇರುವುದು ಅಲ್ಲಿಯೇ.

ಮೊದಲು ಕಣ್ಣಿನ ವಿಷಯ. ಗಾಂಬೆಟ್ಟಾ ಹುಟ್ಟಿದ್ದು 1838ರ ಏಪ್ರಿಲ್ 2ರಂದು, ದಕ್ಷಿಣ ಫ್ರಾನ್ಸಿನ ಕಾಓರ್ ಎಂಬ ಸಣ್ಣ ಊರಿನಲ್ಲಿ. ತಂದೆ ಇಟಲಿಯ ಜಿನೋವಾ ಕಡೆಯಿಂದ ಬಂದು ದಿನಸಿ ಅಂಗಡಿ ಇಟ್ಟವನು. ತಾಯಿ ಫ್ರಾನ್ಸಿನವಳು, ಔಷಧ ವ್ಯಾಪಾರಿಯ ಮಗಳು. ಹುಡುಗ ಬಾಲ್ಯದಲ್ಲಿ ಒಬ್ಬ ಕುಶಲಕರ್ಮಿ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡುತ್ತಿದ್ದಾಗ ರಂಧ್ರ ಕೊರೆಯುವ ಉಪಕರಣದ ಚೂರು ಸಿಡಿದು ಬಲಗಣ್ಣಿಗೆ ಬಡಿಯಿತು. ಶಾಲೆಯಿಂದ ಮನೆಗೆ ಕರೆಸಿಕೊಳ್ಳಲಿ ಎಂದು ತಾನೇ ಚುಚ್ಚಿಕೊಂಡ ಎಂಬ ಕಥೆ ಹುಟ್ಟಿದ್ದು ಆತ ಹೆಸರು ಮಾಡಿದ ಮೇಲೆ. ‘ಹುಟ್ಟಾ ಹಟಮಾರಿ’ ಎಂದು ತೋರಿಸಲು ಅದು ಬೆಂಬಲಿಗರಿಗೂ ಬೇಕಾಗಿತ್ತು, ವಿರೋಧಿಗಳಿಗೂ ಬೇಕಾಗಿತ್ತು. ಕೆಟ್ಟ ಆ ಕಣ್ಣನ್ನು 1867ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದು ಗಾಜಿನ ಕಣ್ಣು ಕೂರಿಸಿದರು. ನಿಮ್ಮ ನಟನಿಗೆ ಉಪಯೋಗಕ್ಕೆ ಬರುವ ಒಂದು ಸಂಗತಿ: ಆತನ ಭಾವಚಿತ್ರಗಳಲ್ಲಿ ಸಾಮಾನ್ಯವಾಗಿ ಮುಖದ ಎಡಬದಿಯೇ ಕಾಣುತ್ತದೆ.

ಈಗ ಪ್ರೇಯಸಿಯ ಗುಂಡು. ಲಿಯೋನೀ ಲಿಯೋನ್ ಎಂಬಾಕೆಯ ಜೊತೆ ಆತನಿಗೆ ಹತ್ತು ವರ್ಷಗಳ ಗಾಢ ಸಂಬಂಧವಿತ್ತು. ಅದು ಹೊರಗಿನವರಿಗೆ ಗೊತ್ತಾಗದಂತೆ ನಡೆದ ಸಂಬಂಧ. ಬದುಕಿನ ಕೊನೆಯಲ್ಲಿ ಇಬ್ಬರೂ ಮದುವೆಯ ಯೋಚನೆಯಲ್ಲಿದ್ದರು. 1882ರ ನವೆಂಬರ್ 27ರಂದು ಪ್ಯಾರಿಸ್ಸಿನ ಹೊರವಲಯದ ವಿಲ್ ದಾವ್ರೇಯಲ್ಲಿನ ಮನೆಯಲ್ಲಿ ಗಾಂಬೆಟ್ಟಾ ಪಿಸ್ತೂಲೊಂದನ್ನು ಹಿಡಿದಿದ್ದಾಗ ಗುಂಡು ಹಾರಿ ಆತನ ಕೈಯನ್ನು ಹೊಕ್ಕಿತು. ಆ ಗಾಯ ಮಾಗುತ್ತ ಬಂದಿತ್ತು. ಡಿಸೆಂಬರಿನಲ್ಲಿ ಜ್ವರ ಮತ್ತು ಹೊಟ್ಟೆನೋವು ಶುರುವಾಯಿತು. ವೈದ್ಯರು ಸುತ್ತ ಸೇರಿದರು. ಕೊಯ್ಯಬೇಕೆಂದವರೂ ಇದ್ದರು, ಕೂಡದೆಂದವರೂ ಇದ್ದರು, ಕೊನೆಗೂ ಕೊಯ್ಯಲಿಲ್ಲ. ಡಿಸೆಂಬರ್ 31ರ ರಾತ್ರಿ, ಹೊಸ ವರ್ಷಕ್ಕೆ ಕೆಲವೇ ನಿಮಿಷ ಇರುವಾಗ ಆತ ತೀರಿಕೊಂಡ. ವಯಸ್ಸು 44. ಶವಪರೀಕ್ಷೆಯಲ್ಲಿ ಕಂಡದ್ದು ಅಪೆಂಡಿಕ್ಸ್ ತೂತಾಗಿ ಹೊಟ್ಟೆಯೊಳಗೆ ಹರಡಿದ್ದ ಸೋಂಕು. ಅಪೆಂಡಿಕ್ಸಿನ ಉರಿಯೂತವನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ, ಬೇಗ ಶಸ್ತ್ರಚಿಕಿತ್ಸೆ ಮಾಡಬೇಕು ಎಂಬ ವಾದವನ್ನು ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್ ಮುಂದಿಟ್ಟದ್ದು 1886ರಲ್ಲಿ. ನಾಲ್ಕು ವರ್ಷ ತಡವಾಯಿತು.

ಹಾಗಾದರೆ ಕೊಲೆಯ ಕಥೆ ಯಾಕೆ ಹುಟ್ಟಿತು? ದೇಶದ ಅತಿ ದೊಡ್ಡ ರಾಜಕಾರಣಿ, ಮನೆಯಲ್ಲಿ ಒಂದು ಗುಂಡಿನ ಸದ್ದು, ಹೆಸರು ಹೇಳಲಾಗದ ಒಬ್ಬ ಹೆಂಗಸು, ಒಂದು ತಿಂಗಳ ನಂತರ ಸಾವು. ವದಂತಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಆತನನ್ನು ಕಂಡರಾಗದ ಪತ್ರಿಕೆಗಳು ಅದನ್ನು ಹಬ್ಬಿಸಿದವು. ಲಿಯೋನೀಯ ಮೇಲಿನ ಈ ಆರೋಪಕ್ಕೆ ಆಧಾರವಿಲ್ಲ. ನೂರ ನಲವತ್ತು ವರ್ಷ ಹಿಂದಿನವಳಾದರೂ ಆಕೆಯೂ ನಿಜವಾಗಿ ಬದುಕಿದ್ದ ಹೆಂಗಸು. ಚಪ್ಪಾಳೆಗಾಗಿ ಆಕೆಯನ್ನು ಕೊಲೆಗಾರ್ತಿ ಮಾಡುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ದೃಶ್ಯ ಬೇಡ.

ಉಚಿತ ಶಿಕ್ಷಣದ ವಿಷಯದಲ್ಲಿ ಅರ್ಧ ಸತ್ಯ ಇದೆ. ಉಚಿತ, ಕಡ್ಡಾಯ, ಧಾರ್ಮಿಕ ಬೋಧನೆಯಿಂದ ಹೊರತಾದ ಪ್ರಾಥಮಿಕ ಶಿಕ್ಷಣ ಬೇಕೆಂದು 1869ರಲ್ಲೇ ಗಾಂಬೆಟ್ಟಾ ಮತದಾರರ ಮುಂದೆ ಒಪ್ಪಿಕೊಂಡಿದ್ದ. ಕಾನೂನು ಮಾಡಿಸಿದವನು ಜೂಲ್ ಫೆರಿ: 1881ರಲ್ಲಿ ಶುಲ್ಕ ರದ್ದು, 1882ರ ಮಾರ್ಚಿನಲ್ಲಿ ಕಡ್ಡಾಯ ಹಾಜರಾತಿ ಮತ್ತು ಧರ್ಮನಿರಪೇಕ್ಷ ಪಾಠ. ಈ ಕೀರ್ತಿಯನ್ನು ಫೆರಿಗೇ ಬಿಡಿ.

ಇನ್ನು ದೊಡ್ಡ ಪ್ರಶ್ನೆ, ಆತ ಮಾತಿಗೆ ತಪ್ಪಿದನೇ ಎಂಬುದು. ಇದಕ್ಕೆ ಉತ್ತರಿಸಲು ನಿಮ್ಮ ವಿದ್ಯಾರ್ಥಿಗಳಲ್ಲಿ ಬಹುಶಃ ಇರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ಸರಿಪಡಿಸಬೇಕು. 1789ರಲ್ಲಿ ಕ್ರಾಂತಿಯಾಯಿತು, ರಾಜ ಹೋದ, ಅಂದಿನಿಂದ ಫ್ರಾನ್ಸ್ ಗಣರಾಜ್ಯ ಎಂದು ಮಕ್ಕಳು ತಿಳಿದಿರುತ್ತಾರೆ. ನನ್ನ ತರಗತಿಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಹಾಗೇ ಹೇಳಿದ್ದನ್ನು ಕೇಳಿದ್ದೇನೆ. ಮೊದಲ ಗಣರಾಜ್ಯ ಘೋಷಣೆಯಾದದ್ದು 1792ರಲ್ಲಿ. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ. ಎರಡನೆಯದು 1848ರಲ್ಲಿ ಬಂತು. ಅದರ ಚುನಾಯಿತ ಅಧ್ಯಕ್ಷ ಲೂಯಿ ನೆಪೋಲಿಯನ್ 1851ರ ಡಿಸೆಂಬರ್ 2ರಂದು ಸೈನ್ಯ ಇಳಿಸಿ ಅಧಿಕಾರ ಕಸಿದುಕೊಂಡು, ಮರುವರ್ಷ ಮೂರನೆಯ ನೆಪೋಲಿಯನ್ ಎಂದು ಪಟ್ಟಕ್ಕೇರಿದ. ಗಮನಿಸಿ: ಎರಡೂ ಸಲ ಗಣರಾಜ್ಯ ಬಿದ್ದಾಗ ಹಳ್ಳಿಯ ಜನ ಅದಕ್ಕಾಗಿ ದೊಡ್ಡ ಸಂಖ್ಯೆಯಲ್ಲಿ ಎದ್ದು ನಿಲ್ಲಲಿಲ್ಲ. 1851ರಲ್ಲಿ ದಕ್ಷಿಣದ ಕೆಲವು ಪ್ರದೇಶಗಳಲ್ಲಿ ಪ್ರತಿರೋಧ ನಡೆಯಿತಾದರೂ ರೈತರಲ್ಲಿ ಬಹುಪಾಲು ಜನ ಜನಮತ ಸಂಗ್ರಹಣೆಯಲ್ಲಿ ನೆಪೋಲಿಯನ್ನನಿಗೇ ಒಪ್ಪಿಗೆ ಕೊಟ್ಟರು. ಗಣರಾಜ್ಯ ಎಂದರೆ ಅವರ ಪಾಲಿಗೆ ಪ್ಯಾರಿಸ್ಸಿನವರ ಗಲಾಟೆ, ಹೆಚ್ಚುವರಿ ತೆರಿಗೆ, ಯುದ್ಧ. ಗಾಂಬೆಟ್ಟಾನ ಇಡೀ ಬದುಕನ್ನು ಈ ಸಮಸ್ಯೆಗೆ ಹುಡುಕಿದ ಉತ್ತರ ಎಂದು ನೋಡಿದರೆ ಅವನು ಅರ್ಥವಾಗುತ್ತಾನೆ.

ಆತ ಮೊದಲು ಬೆಳಕಿಗೆ ಬಂದದ್ದು ಕೋರ್ಟಿನಲ್ಲಿ. 1851ರಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಳ್ಳುವುದನ್ನು ತಡೆಯಲು ಹೋಗಿ ಬೀದಿಯ ಅಡ್ಡಗಟ್ಟೆಯ ಮೇಲೆ ಗುಂಡೇಟಿಗೆ ಸತ್ತ ಬೋದಾಂ ಎಂಬ ಶಾಸನಸಭಾ ಸದಸ್ಯನಿಗೆ ಸ್ಮಾರಕ ಕಟ್ಟಲು ಪತ್ರಕರ್ತ ದೆಲೆಕ್ಲೂಸ್ ಚಂದಾ ಎತ್ತಿದ. ಸರ್ಕಾರ ಅವನ ಮೇಲೆ ಮೊಕದ್ದಮೆ ಹೂಡಿತು. 1868ರ ನವೆಂಬರಿನಲ್ಲಿ ಅವನ ಪರವಾಗಿ ನಿಂತ ಮೂವತ್ತರ ವಕೀಲ ಗಾಂಬೆಟ್ಟಾ ಕಕ್ಷಿದಾರನನ್ನು ಬದಿಗಿಟ್ಟು ಚಕ್ರವರ್ತಿಯನ್ನೇ ಕಟಕಟೆಯಲ್ಲಿ ನಿಲ್ಲಿಸಿದ. ಹದಿನೇಳು ವರ್ಷ ಆಳಿದರೂ ಡಿಸೆಂಬರ್ 2ನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸುವ ಧೈರ್ಯ ನಿಮಗೆ ಬರಲಿಲ್ಲ, ಆ ದಿನವನ್ನು ನಾವು ತೆಗೆದುಕೊಳ್ಳುತ್ತೇವೆ, ಸತ್ತ ನಮ್ಮವರ ನೆನಪಿಗೆ ಪ್ರತಿವರ್ಷ ಆಚರಿಸುತ್ತೇವೆ ಎಂಬುದು ಆತನ ವಾದದ ಸಾರ. ಕೇಸು ಸೋತ. ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ಮರುವರ್ಷದ ಚುನಾವಣೆಯಲ್ಲಿ ಪ್ಯಾರಿಸ್ಸಿನ ಕಾರ್ಮಿಕರ ಬಡಾವಣೆ ಬೆಲ್‌ವಿಲ್ ಮತ್ತು ಬಂದರು ನಗರ ಮಾರ್ಸೇ ಎರಡರಲ್ಲೂ ಗೆದ್ದ. ಬೆಲ್‌ವಿಲ್‌ನ ಮತದಾರರು ಬರೆದುಕೊಟ್ಟ ಬೇಡಿಕೆಗಳ ಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದ: ಸಾರ್ವತ್ರಿಕ ಮತದಾನದ ಪೂರ್ಣ ಜಾರಿ, ಪತ್ರಿಕಾ ಸ್ವಾತಂತ್ರ್ಯ, ಚರ್ಚು ಮತ್ತು ಸರ್ಕಾರದ ಬೇರ್ಪಡೆ, ಕಾಯಂ ಸೈನ್ಯದ ರದ್ದು, ಉಚಿತ ಶಿಕ್ಷಣ. ಆಗ ‘ಸಾರ್ವತ್ರಿಕ’ ಎಂದರೆ ಗಂಡಸರು ಮಾತ್ರ. ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1944ರಲ್ಲಿ. ಹುಡುಗಿಯರೂ ನೋಡುವ ನಾಟಕದಲ್ಲಿ ಇದು ಒಂದು ಸಾಲಾದರೂ ಬರಬೇಕು.

ಬಲೂನಿಗೆ ಬರೋಣ. 1870ರ ಜುಲೈನಲ್ಲಿ ನೆಪೋಲಿಯನ್ ಜರ್ಮನ್ ರಾಜ್ಯವಾದ ಪ್ರಷ್ಯಾದ ಮೇಲೆ ಯುದ್ಧ ಸಾರಿದ. ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಸೈನ್ಯದ ಸಮೇತ ಸೆರೆಸಿಕ್ಕ. 4ರಂದು ಜನ ಶಾಸನಸಭೆಗೆ ನುಗ್ಗಿದಾಗ ಗಾಂಬೆಟ್ಟಾ ಅವರನ್ನು ಹುರಿದುಂಬಿಸಲಿಲ್ಲ, ಸಮಾಧಾನಪಡಿಸಲು ಒದ್ದಾಡಿದ. ಎಲ್ಲವೂ ಕಾನೂನಿನ ಪ್ರಕಾರ ಆಗಲಿ ಎಂಬುದು ಆಗಲೇ ಆತನ ಆಸೆ. ಅದು ಕೈಮೀರಿದಾಗ ಪುರಭವನಕ್ಕೆ ಹೋಗಿ ಗಣರಾಜ್ಯ ಘೋಷಿಸಿದರು, ಆತ ಗೃಹಮಂತ್ರಿಯಾದ. ಎರಡು ವಾರದಲ್ಲಿ ಪ್ಯಾರಿಸ್ ಮುತ್ತಿಗೆಗೆ ಒಳಗಾಯಿತು. ಅಕ್ಟೋಬರ್ 7ರಂದು ಮೋಂಮಾರ್ತ್ರ್ ಗುಡ್ಡದ ಸೇಂಟ್ ಪಿಯೆರ್ ಚೌಕದಿಂದ ‘ಆರ್ಮಾಂ ಬಾರ್ಬೆಸ್’ ಎಂಬ ಬಲೂನಿನಲ್ಲಿ ಗಾಂಬೆಟ್ಟಾ, ಗೆಳೆಯ ಸ್ಪ್ಯುಲೆರ್ ಮತ್ತು ಚಾಲಕ ಮೇಲೇರಿದರು. ಕೆಳಗಿನಿಂದ ಪ್ರಷ್ಯನ್ನರು ಗುಂಡು ಹಾರಿಸಿದರು. ಕೊನೆಗೆ ಬಲೂನು ಎಪಿನ್ಯೂಸ್ ಎಂಬ ಹಳ್ಳಿಯ ಬಳಿ ಓಕ್ ಮರಕ್ಕೆ ಸಿಕ್ಕಿಕೊಂಡಿತು. ಎರಡು ದಿನಕ್ಕೆ ಆತ, ಮುತ್ತಿಗೆಯ ಹೊರಗೆ ಸರ್ಕಾರದ ಒಂದು ಭಾಗ ಕೆಲಸ ಮಾಡುತ್ತಿದ್ದ ತೂರ್ ನಗರ ಸೇರಿದ. ಇದೆಲ್ಲ ನಿಜ. ಜನ ಮರೆಯುವ ಒಂದು ಸಂಗತಿ, ಮುತ್ತಿಗೆಯ ಕಾಲದಲ್ಲಿ ಹೀಗೆ ಅರವತ್ತಕ್ಕೂ ಹೆಚ್ಚು ಬಲೂನುಗಳು ಪ್ಯಾರಿಸ್ ಬಿಟ್ಟವು. ಬಹುಪಾಲು ಹೊತ್ತದ್ದು ಅಂಚೆ ಮತ್ತು ಪಾರಿವಾಳಗಳನ್ನು.

ಮುಂದಿನದ್ದೇ ಮುಖ್ಯ. ಗೃಹದ ಜೊತೆ ಯುದ್ಧಖಾತೆಯನ್ನೂ ಹಿಡಿದ ಆ 32ರ ವಕೀಲ, ಎಂಜಿನಿಯರ್ ಫ್ರೆಸಿನೇಯ ನೆರವಿನಿಂದ ನಾಲ್ಕು ತಿಂಗಳಲ್ಲಿ ಸುಮಾರು ಆರು ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸಿದ. ನವೆಂಬರ್ 9ರಂದು ಕುಲ್ಮಿಯೇ ಎಂಬಲ್ಲಿ ಗೆಲುವೂ ಸಿಕ್ಕಿತು. ಆದರೆ ಅದಕ್ಕೆ ಮೊದಲೇ, ಅಕ್ಟೋಬರ್ ಕೊನೆಯಲ್ಲಿ, ಮೆಟ್ಜ್ ಕೋಟೆಯಲ್ಲಿದ್ದ ಮಾರ್ಷಲ್ ಬಜೇನ್ ಒಂದೂವರೆ ಲಕ್ಷಕ್ಕೂ ಮೀರಿದ ಸೈನ್ಯದೊಡನೆ ಶರಣಾಗಿದ್ದ. ಬಿಡುವಾದ ಜರ್ಮನ್ ಪಡೆಗಳು ಲುವಾರ್ ನದಿಯ ಕಡೆ ತಿರುಗಿದವು. ತರಬೇತಿಯಿಲ್ಲದ ರೈತ ಹುಡುಗರು ಆ ಚಳಿಗಾಲದಲ್ಲಿ ಸೋತರು. 1871ರ ಜನವರಿ 28ರಂದು ಪ್ಯಾರಿಸ್ ಕದನವಿರಾಮಕ್ಕೆ ಸಹಿ ಹಾಕಿತು. ಗಾಂಬೆಟ್ಟಾ ಒಪ್ಪದೆ ಫೆಬ್ರವರಿ 6ಕ್ಕೆ ರಾಜೀನಾಮೆ ಕೊಟ್ಟ. ಎರಡೇ ದಿನಕ್ಕೆ ನಡೆದ ಚುನಾವಣೆಯಲ್ಲಿ ಹಳ್ಳಿಗಳು ಶಾಂತಿ ಬೇಕೆಂದವರಿಗೆ, ಅಂದರೆ ರಾಜಪ್ರಭುತ್ವವಾದಿಗಳಿಗೆ, ಭಾರೀ ಬಹುಮತ ಕೊಟ್ಟವು. ಆತ ಸ್ಟ್ರಾಸ್‌ಬುರ್ಗ್ ಇರುವ ಬಾ ರಾಂ ಪ್ರಾಂತದ ಪ್ರತಿನಿಧಿಯಾಗಿ ಉಳಿದ. ಮಾರ್ಚ್ 1ರಂದು ಅಲ್ಸಾಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಗೆ ಹೋಗುವುದಕ್ಕೆ ಸಭೆ ಒಪ್ಪಿದಾಗ ಆ ಪ್ರಾಂತಗಳ ಸದಸ್ಯರ ಜೊತೆ ಹೊರನಡೆದ. ಹಿರಿಯ ನಾಯಕ ಥಿಯೇರ್, ಯುದ್ಧ ಮುಂದುವರಿಸಿದ ಆತನ ನೀತಿಯನ್ನು ‘ಹುಚ್ಚೆದ್ದವರ ರಾಜಕೀಯ’ ಎಂದು ಸಭೆಯಲ್ಲೇ ಜರೆದ.

ಆದ್ದರಿಂದ ‘ಬಲೂನ್ ಏರಿ ದೇಶ ಉಳಿಸಿದ’ ಎಂದು ಬರೆಯಬೇಡಿ. ದೇಶ ಸೋತಿತು. ಆತ ಉಳಿಸಿದ್ದು ಗಣರಾಜ್ಯದ ಮಾನವನ್ನು. ಚಕ್ರವರ್ತಿ ಶರಣಾದ, ಅವನ ಮಾರ್ಷಲ್ ಶರಣಾದ, ಗಣರಾಜ್ಯ ಮಾತ್ರ ಕಾದಾಡಿತು ಎಂಬ ನೆನಪು ಉಳಿಯಿತು. ಅದರ ಜೊತೆಗೇ, ನಮ್ಮ ಮಕ್ಕಳನ್ನು ಸಾಯಲು ಕಳಿಸಿದವರು ಇವರೇ ಎಂಬ ಹಳ್ಳಿಯ ಸಿಟ್ಟೂ ಉಳಿಯಿತು.

ಆ ಸೋಲಿನಿಂದ ಬೇರೆಯೇ ಗಾಂಬೆಟ್ಟಾ ಹೊರಬಂದ. 1871ರ ಜುಲೈನಲ್ಲಿ ಮತ್ತೆ ಆರಿಸಿಬಂದ; ನವೆಂಬರಿನಲ್ಲಿ ಒಂದು ದಿನಪತ್ರಿಕೆ ಶುರುಮಾಡಿದ; ಆಮೇಲೆ ಊರೂರು ತಿರುಗಿದ. ಆತನನ್ನು ‘ಗಣರಾಜ್ಯದ ಊರೂರು ಅಲೆಯುವ ವ್ಯಾಪಾರಿ’ ಎಂದು ಕರೆಯತೊಡಗಿದರು. 1872ರ ಸೆಪ್ಟೆಂಬರಿನಲ್ಲಿ ಗ್ರೆನೋಬ್ಲ್‌ನಲ್ಲಿ ಮಾಡಿದ ಭಾಷಣದಲ್ಲಿ ರಾಜಕೀಯಕ್ಕೆ ‘ಹೊಸ ಸಾಮಾಜಿಕ ಪದರಗಳು’ ಬಂದಿವೆ ಎಂದು ಸಾರಿದ. ಸಣ್ಣ ಅಂಗಡಿಯವರು, ಮೇಷ್ಟ್ರುಗಳು, ಊರಿನ ವೈದ್ಯರು, ಸ್ವಂತ ಜಮೀನಿನ ರೈತರು: ದಿನಸಿ ಅಂಗಡಿಯವನ ಮಗನಿಗೆ ಚೆನ್ನಾಗಿ ಗೊತ್ತಿದ್ದ ಜನ. ಗಣರಾಜ್ಯ ಬಂದರೆ ನಿಮ್ಮ ಜಮೀನು ಹೋಗುವುದಿಲ್ಲ, ನಿಮ್ಮ ಮಗ ಓದುತ್ತಾನೆ, ನಿಮ್ಮೂರಿನ ಆಡಳಿತ ನಿಮ್ಮದೇ ಆಗುತ್ತದೆ ಎಂದು ಅವರನ್ನು ಒಪ್ಪಿಸುವುದು ಆತನ ಕೆಲಸವಾಯಿತು.

ಇಲ್ಲಿಂದಲೇ ‘ಅವಕಾಶವಾದಿ’ ಎಂಬ ಬೈಗುಳ ಶುರು. ರಾಜವಂಶದ ಹಿರಿಯ ಶಾಂಬೋರ್ ಕ್ರಾಂತಿಯ ಮೂರು ಬಣ್ಣದ ಬಾವುಟವನ್ನು ಒಪ್ಪದೆ ರಾಜರ ಬಿಳಿ ಬಾವುಟಕ್ಕೇ ಅಂಟಿಕೊಂಡು 1873ರಲ್ಲಿ ಸಿಂಹಾಸನದ ಅವಕಾಶವನ್ನು ಕೈಬಿಟ್ಟ. ರಾಜಪ್ರಭುತ್ವವಾದಿಗಳು ಮಾರ್ಷಲ್ ಮ್ಯಾಕ್‌ಮಹೋನ್‌ನನ್ನು ಏಳು ವರ್ಷಕ್ಕೆ ಅಧ್ಯಕ್ಷನನ್ನಾಗಿ ಕೂರಿಸಿ ಕಾಯತೊಡಗಿದರು. ಆಗ ಸಂವಿಧಾನ ರಚನೆಯ ಮಾತು ಬಂತು. ಗಣರಾಜ್ಯದ ಅಧ್ಯಕ್ಷನ ಆಯ್ಕೆಯನ್ನು ಕುರಿತ ವಾಲಾನ್ ತಿದ್ದುಪಡಿ 1875ರ ಜನವರಿ 30ರಂದು 353ಕ್ಕೆ 352 ಮತಗಳಿಂದ ಗೆದ್ದಿತು. ಗಣರಾಜ್ಯ ಕಾನೂನಿನಲ್ಲಿ ನೆಲೆನಿಂತದ್ದು ಒಂದೇ ಮತದಿಂದ. ಆದರೆ ಮಂದಗಾಮಿಗಳ ಬೆಂಬಲಕ್ಕೆ ಬೆಲೆ ಕೊಡಬೇಕಿತ್ತು: ಸೆನೆಟ್ ಎಂಬ ಮೇಲ್ಮನೆ. ಅದರ 300 ಸ್ಥಾನಗಳಲ್ಲಿ 75 ಆಜೀವ ಸದಸ್ಯರಿಗೆ. ಉಳಿದವರನ್ನು ಆರಿಸುವಾಗ ಪ್ಯಾರಿಸ್ಸಿಗೂ ಒಬ್ಬ ಪ್ರತಿನಿಧಿ, ಮೂಲೆಯ ಕುಗ್ರಾಮಕ್ಕೂ ಒಬ್ಬ. ನಮ್ಮ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ ಹಾಕುವ ಕ್ಷೇತ್ರಗಳನ್ನು ನೆನಪಿಸಿದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಪ್ಯಾರಿಸ್ಸಿನ ತೀವ್ರವಾದಿಗಳಿಗೆ ಇದು ಅವಮಾನ. ಮೇಲ್ಮನೆಯೇ ಬೇಡ ಎನ್ನುವುದು ಅವರ ಹಳೆಯ ನಿಲುವು, ಗಾಂಬೆಟ್ಟಾನದೂ ಅದೇ ಆಗಿತ್ತು. ಆದರೂ ಒಪ್ಪಿಕೊಂಡ. ಒಪ್ಪಿದ್ದಷ್ಟೇ ಅಲ್ಲ, ಬೆಲ್‌ವಿಲ್‌ಗೇ ಹೋಗಿ, ಸೆನೆಟ್ ಎಂದರೆ ಫ್ರಾನ್ಸಿನ ಊರುಗಳ ಮಹಾಸಭೆ ಎಂದು ಸಮರ್ಥಿಸಿದ. ಹಳ್ಳಿಯೂ ಈಗ ಪ್ರತಿನಿಧಿ ಕಳಿಸಬೇಕಾದರೆ ರಾಜಕೀಯ ಮಾತಾಡಲೇಬೇಕಾಗುತ್ತದೆ, ಮಾತಾಡಿದರೆ ನಮ್ಮ ಕಡೆ ಬರುತ್ತದೆ ಎಂಬುದು ಆತನ ಲೆಕ್ಕ. ಆಜೀವ ಸದಸ್ಯರ ಆಯ್ಕೆಯಲ್ಲಿ ಕಡು ರಾಜನಿಷ್ಠರೊಂದಿಗೇ ಒಳಒಪ್ಪಂದ ಮಾಡಿಕೊಂಡು ಬಹುಪಾಲು ಸ್ಥಾನ ಗಣರಾಜ್ಯವಾದಿಗಳಿಗೆ ಸಿಗುವಂತೆ ನೋಡಿಕೊಂಡ.

ಆ ಲೆಕ್ಕ ಸರಿಯೇ ಎಂಬುದು ಗೊತ್ತಾದದ್ದು 1877ರಲ್ಲಿ. ಹಿಂದಿನ ವರ್ಷದ ಚುನಾವಣೆಯಲ್ಲಿ ಕೆಳಮನೆ ಗಣರಾಜ್ಯವಾದಿಗಳ ಪಾಲಾಗಿತ್ತು. ಮೇ 4ರಂದು ಗಾಂಬೆಟ್ಟಾ ಚರ್ಚಿನ ರಾಜಕೀಯ ಹಸ್ತಕ್ಷೇಪದ ಮೇಲೆ ಹರಿಹಾಯ್ದು ‘ಪಾದ್ರಿಶಾಹಿ, ಅದೇ ಶತ್ರು’ ಎಂದ. ಮಾತು ಗೆಳೆಯ ಪೇರಾನದು, ಗುಡುಗಿದವನು ಇವನು. ಗುರಿ ಜನರ ಭಕ್ತಿಯಲ್ಲ, ಸರ್ಕಾರ ನಡೆಸಲು ಬಯಸುವ ಪಾದ್ರಿಗಳು. ಮೇ 16ರಂದು ಮ್ಯಾಕ್‌ಮಹೋನ್ ಪ್ರಧಾನಿ ಜೂಲ್ ಸಿಮೋನ್‌ಗೆ ಖಾರವಾದ ಪತ್ರ ಬರೆದು ರಾಜೀನಾಮೆ ಕೊಡುವಂತೆ ಮಾಡಿದ. ರಾಜಪ್ರಭುತ್ವವಾದಿ ಬ್ರೋಯಿ ಪ್ರಧಾನಿಯಾದ. ಕೆಳಮನೆಯ 363 ಸದಸ್ಯರು ಒಟ್ಟಾಗಿ ಪ್ರತಿಭಟಿಸಿದರು. ಜೂನಿನಲ್ಲಿ ಸಭೆ ಮತ್ತೆ ಸೇರಿದಾಗ, ಜರ್ಮನರ ವಶದಿಂದ ನೆಲವನ್ನು ಬಿಡಿಸಿದ್ದು ಹಿಂದಿನ ರಾಷ್ಟ್ರಸಭೆ ಎಂದು ಮಂತ್ರಿಯೊಬ್ಬ ಹೇಳುತ್ತಿದ್ದಂತೆ ಗಣರಾಜ್ಯವಾದಿಗಳೆಲ್ಲ ಎದ್ದು ನಿಂತು, ಯುದ್ಧದ ನಂತರ ಅಧ್ಯಕ್ಷನಾಗಿ ಜರ್ಮನ್ ಪಡೆಗಳನ್ನು ಹೊರಕಳಿಸಿದ್ದ, ಈಗ ತಮ್ಮ ನಡುವೆ ಕೂತಿದ್ದ ಮುದುಕ ಥಿಯೇರ್ ಕಡೆ ಕೈ ತೋರಿಸಿ ‘ನೆಲ ಬಿಡಿಸಿದವರು ಇಗೋ ಇಲ್ಲಿದ್ದಾರೆ’ ಎಂದು ಕೂಗಿದರು. ಆರು ವರ್ಷ ಹಿಂದೆ ಗಾಂಬೆಟ್ಟಾನನ್ನು ಹುಚ್ಚನೆಂದು ಜರೆದಿದ್ದ ಅದೇ ಥಿಯೇರ್ ಈಗ ಅವನ ಜೊತೆಗಾರ. ರಂಗದ ಮೇಲೆ ಇದಕ್ಕಿಂತ ಒಳ್ಳೆಯ ಗಳಿಗೆ ನಿಮಗೆ ಸಿಗಲಾರದು.

ಸೆನೆಟ್ ಒಪ್ಪಿಗೆ ಪಡೆದು ಕೆಳಮನೆಯನ್ನು ವಿಸರ್ಜಿಸಿದರು. ಪ್ರಿಫೆಕ್ಟ್ ಎಂಬ ಜಿಲ್ಲಾ ಅಧಿಕಾರಿಗಳನ್ನು ಎತ್ತಂಗಡಿ ಮಾಡಿದರು, ಮೇಯರುಗಳನ್ನು ಕಿತ್ತುಹಾಕಿದರು, ರಾಜಕೀಯ ಮಾತು ನಡೆಯುವ ಕೆಫೆಗಳನ್ನು ಮುಚ್ಚಿಸಿದರು, ಪತ್ರಿಕೆ ಮಾರುವವರ ಮೇಲೆ ಕೇಸು ಹಾಕಿದರು. ಆಗಸ್ಟ್ 15ರಂದು ಲಿಲ್ ನಗರದಲ್ಲಿ ಗಾಂಬೆಟ್ಟಾ ಅಧ್ಯಕ್ಷನಿಗೆ ನೇರವಾಗಿ ಹೇಳಿದ: ಫ್ರಾನ್ಸ್ ತನ್ನ ಪರಮಾಧಿಕಾರದ ದನಿ ಎತ್ತಿದ ಮೇಲೆ ತಲೆಬಾಗಬೇಕು, ಇಲ್ಲವೇ ಕುರ್ಚಿ ಬಿಡಬೇಕು. ಇದಕ್ಕೆ ಕೋರ್ಟು ಮೂರು ತಿಂಗಳ ಸಜೆ ಮತ್ತು 2,000 ಫ್ರಾಂಕ್ ದಂಡ ವಿಧಿಸಿತು. ಸಜೆ ಅನುಭವಿಸಬೇಕಾಗಿ ಬರಲಿಲ್ಲ. ಸೆಪ್ಟೆಂಬರ್ 3ರಂದು ಥಿಯೇರ್ ತೀರಿಕೊಂಡ. ಅಕ್ಟೋಬರಿನಲ್ಲಿ, ಅಷ್ಟೆಲ್ಲ ಒತ್ತಡದ ನಡುವೆಯೂ, ಗಣರಾಜ್ಯವಾದಿಗಳು ಬಹುಮತ ಉಳಿಸಿಕೊಂಡರು. 363 ಹೋಗುತ್ತೇವೆ, 400 ಆಗಿ ಬರುತ್ತೇವೆ ಎಂದು ಗಾಂಬೆಟ್ಟಾ ಹೇಳಿದ್ದಷ್ಟು ಬರಲಿಲ್ಲ, ಆದರೆ ಸಾಕಾಯಿತು. 1879ರ ಜನವರಿಯಲ್ಲಿ ಸೆನೆಟ್ಟಿನ ಒಂದು ಭಾಗಕ್ಕೆ ಚುನಾವಣೆ ನಡೆದು, ಹಳ್ಳಿಗಳ ಆ ಮೇಲ್ಮನೆಯೂ ಗಣರಾಜ್ಯವಾದಿಗಳ ಕೈಗೆ ಬಂತು. ಅದೇ ತಿಂಗಳ 30ರಂದು ಮ್ಯಾಕ್‌ಮಹೋನ್ ರಾಜೀನಾಮೆ ಕೊಟ್ಟ. 1940ರವರೆಗೆ ಬಾಳಿದ ಆ ಗಣರಾಜ್ಯದಲ್ಲಿ ಮತ್ತೆ ಯಾವ ಅಧ್ಯಕ್ಷನೂ ಕೆಳಮನೆಯನ್ನು ವಿಸರ್ಜಿಸಲು ಹೋಗಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು. ಸೆನೆಟ್ಟಿಗೆ ಒಪ್ಪಿದ್ದು ದ್ರೋಹವಾಗಿರಲಿಲ್ಲ. 1792 ಮತ್ತು 1848ರವರು ಗೆಲ್ಲಲಾಗದ ಹಳ್ಳಿಯನ್ನು ಆತ ಗೆದ್ದ, ಅದೂ ಬಂದೂಕಿಲ್ಲದೆ. ಆದರೆ ಬೆಲ್‌ವಿಲ್‌ನ ಕಾರ್ಮಿಕರ ದೂರಿನಲ್ಲೂ ಹುರುಳಿತ್ತು. ಚರ್ಚಿನ ಬೇರ್ಪಡೆ 1905ರವರೆಗೆ ಆಗಲಿಲ್ಲ. ಕಾಯಂ ಸೈನ್ಯವನ್ನು ತೆಗೆಯುವುದಿರಲಿ, ಆತ ಅದನ್ನು ಬಲಪಡಿಸಲು ನಿಂತ. ಕಾರ್ಮಿಕರ ಕೂಲಿ, ಮನೆ, ದುಡಿಮೆಯ ಹೊತ್ತು ಆತನ ಭಾಷಣಗಳಲ್ಲಿ ಹಿಂದೆ ಬಿದ್ದವು. 1880ರ ಜೂನ್ 21ರಂದು ಸಭಾಧ್ಯಕ್ಷನ ಪೀಠದಿಂದ ಕೆಳಗಿಳಿದು ಬಂದು 1871ರಲ್ಲಿ ಪ್ಯಾರಿಸ್ಸಿನ ಜನ ಸರ್ಕಾರದ ವಿರುದ್ಧ ಎದ್ದ ‘ಪ್ಯಾರಿಸ್ ಕಮ್ಯೂನ್’ ದಂಗೆಯಲ್ಲಿ ಶಿಕ್ಷೆಯಾದವರಿಗೆ ಪೂರ್ಣ ಕ್ಷಮಾದಾನ ಕೊಡಿ, ಫ್ರಾನ್ಸ್ ಒಂದೇ, ಗಣರಾಜ್ಯ ಒಂದೇ ಎಂದು ಬೇಡಿದ, ಕೊಡಿಸಿಯೂ ಕೊಟ್ಟ. ಆದರೂ 1881ರ ಆಗಸ್ಟಿನಲ್ಲಿ ಅದೇ ಕ್ಷೇತ್ರದ ಶಾರೋನ್‌ನಲ್ಲಿ ಜನ ಅವನಿಗೆ ಮಾತಾಡಲು ಬಿಡಲಿಲ್ಲ. ಸಿಟ್ಟಿನಿಂದ ಅವರನ್ನು ‘ಕುಡಿದ ಗುಲಾಮರು’ ಎಂದು ಕೂಗಿದ. ಈ ಮಾತನ್ನು ನಾಟಕದಲ್ಲಿ ಮುಚ್ಚಿಡಬೇಡಿ.

ಆತ ಪ್ರಧಾನಿಯಾಗಿ ಇದ್ದದ್ದು ಎರಡೂವರೆ ತಿಂಗಳು ಮಾತ್ರ, 1881ರ ನವೆಂಬರ್ 14ರಿಂದ 1882ರ ಜನವರಿ ಕೊನೆಯವರೆಗೆ. ದೊಡ್ಡ ನಾಯಕರೆಲ್ಲ ಸೇರುವ ಮಹಾಮಂತ್ರಿಮಂಡಲ ಎಂದು ಜನ ಕಾದಿದ್ದರು. ಅವರು ಒಪ್ಪದಾಗ ತನ್ನ ಗೆಳೆಯರನ್ನೇ ತುಂಬಿಕೊಂಡ. ಒಬ್ಬೊಬ್ಬ ಸದಸ್ಯನ ಸಣ್ಣ ಕ್ಷೇತ್ರಗಳ ಬದಲು ಇಡೀ ಪ್ರಾಂತಕ್ಕೆ ಪಟ್ಟಿಯ ಮೇಲೆ ಚುನಾವಣೆ ನಡೆಸಬೇಕೆಂದು ಹಟ ಹಿಡಿದ. ತಮ್ಮ ಕ್ಷೇತ್ರ ಹೋಗುತ್ತದೆಂಬ ಭಯ ಸದಸ್ಯರಿಗೆ, ಇವನು ಸರ್ವಾಧಿಕಾರಿಯಾಗುತ್ತಾನೆಂಬ ಗುಮಾನಿ ಉಳಿದವರಿಗೆ. ಜನವರಿ 26ರಂದು ಸಭೆ ಅವನನ್ನು ಸೋಲಿಸಿತು.

ಭಾರತೀಯರಾದ ನಮಗೆ ಮುಟ್ಟುವ ಒಂದು ಮಗ್ಗುಲೂ ಇದೆ. 1870ರ ಅಕ್ಟೋಬರಿನಲ್ಲಿ ತೂರ್‌ನಿಂದ ಹೊರಟ, ಅವನ ಸಹಿಯೂ ಇದ್ದ, ಮಂತ್ರಿ ಕ್ರೆಮಿಯೋನ ಹೆಸರು ಹೊತ್ತ ಆದೇಶ ಅಲ್ಜೀರಿಯದ ಯಹೂದಿಗಳನ್ನು ಫ್ರೆಂಚ್ ಪೌರರನ್ನಾಗಿ ಮಾಡಿತು. ಅಲ್ಲಿನ ಬಹುಸಂಖ್ಯಾತ ಮುಸ್ಲಿಮರು ಹೊರಗೇ ಉಳಿದರು. 1881ರಲ್ಲಿ ಟ್ಯುನೀಸಿಯವನ್ನು ವಶಮಾಡಿಕೊಂಡಾಗ ಫ್ರಾನ್ಸ್ ಮತ್ತೆ ಮಹಾಶಕ್ತಿಯಾಯಿತು ಎಂದು ಹಿಗ್ಗಿದ. ಪ್ರಧಾನಿಯಾಗಿದ್ದಾಗ ಬ್ರಿಟನ್ ಜೊತೆ ಸೇರಿ ಈಜಿಪ್ಟಿಗೆ ಕಳಿಸಿದ ಜಂಟಿ ಎಚ್ಚರಿಕೆ ಅಲ್ಲಿನ ರಾಷ್ಟ್ರೀಯವಾದಿಗಳನ್ನು ಕೆರಳಿಸಿತು. ಅದೇ ವರ್ಷ ಬ್ರಿಟಿಷರು ಈಜಿಪ್ಟಿನ ಮೇಲೆ ಬಿದ್ದಾಗ ಅವರ ಸೈನ್ಯದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ತನ್ನ ದೇಶದ ಹಳ್ಳಿಗನಿಗೆ ಮತದ ಬೆಲೆ ತಿಳಿಸಿಕೊಟ್ಟವನು ಬೇರೆ ಖಂಡದ ಹಳ್ಳಿಗನ ವಿಷಯದಲ್ಲಿ ಹಾಗೆ ಯೋಚಿಸಲಿಲ್ಲ.

ಈಗ ನಾಟಕಕ್ಕೆ ಯಾವ ಭಾಗ? ಬಲೂನು ಮತ್ತು ಯುದ್ಧವನ್ನು ತೆಗೆದುಕೊಂಡರೆ ಮಕ್ಕಳಿಗೆ ಖುಷಿ, ರಂಗಸಜ್ಜಿಕೆಗೂ ಸೊಗಸು. ಅಪಾಯವೆಂದರೆ ಹಾರಾಟವೇ ಗೆಲುವಿನಂತೆ ಕಂಡು, ಲುವಾರ್ ತೀರದಲ್ಲಿ ಸತ್ತ ರೈತ ಹುಡುಗರು ಕಾಣದೇ ಹೋಗುತ್ತಾರೆ. ಕೊನೆಯ ಎರಡು ವರ್ಷವನ್ನು ತೆಗೆದುಕೊಂಡರೆ ದುರಂತ ನಾಟಕ ಸಿಗುತ್ತದೆ, ಆದರೆ ಪ್ರೇಕ್ಷಕರ ಗಮನವೆಲ್ಲ ಪಿಸ್ತೂಲಿನ ಮೇಲೇ ನೆಡುತ್ತದೆ. ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಮುಕ್ಕಾಲು ಗಂಟೆಗೆ ಇಳಿಸಲು ಹೋದರೆ ಅದು ಇಸವಿಗಳ ಪಟ್ಟಿಯಾಗುತ್ತದೆ. ಇದನ್ನಂತೂ ಬೇಡವೇ ಬೇಡ ಎನ್ನುತ್ತೇನೆ.

ನಾನಾದರೆ 1877ರ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಐದು ತಿಂಗಳನ್ನು ಆರಿಸುತ್ತೇನೆ. ಮುಚ್ಚಿದ ಕೆಫೆಯ ಮುಂದೆ ನಿಂತ ಹಳ್ಳಿಗರು, ಗುಟ್ಟಾಗಿ ಪತ್ರಿಕೆ ಓದಿ ಹೇಳುವ ಮೇಷ್ಟ್ರು, ಥಿಯೇರ್ ಕಡೆ ಚಾಚಿದ ಕೈಗಳು, ಕೋರ್ಟು, ಮತ ಎಣಿಕೆ. ಬಲೂನನ್ನು ಆ ಹಳ್ಳಿಯ ತಾಯಿಯೊಬ್ಬಳ ಬಾಯಲ್ಲಿ ತನ್ನಿ. ಮಗನನ್ನು 1870ರಲ್ಲಿ ಕಳೆದುಕೊಂಡವಳು ಗಾಂಬೆಟ್ಟಾನನ್ನು ಎದುರಿಗೇ ಪ್ರಶ್ನಿಸಲಿ. ಅವಳು ಕಲ್ಪಿತ ಪಾತ್ರ ಎಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಮಾಡಿಸಿ. ಇಲ್ಲೂ ಒಂದು ಅಪಾಯವಿದೆ: ಮ್ಯಾಕ್‌ಮಹೋನ್ ಖಳನಾಯಕನಾಗಿಬಿಡುತ್ತಾನೆ. ವಿಸರ್ಜನೆ ಸಂವಿಧಾನದ ಅಕ್ಷರಕ್ಕೆ ವಿರುದ್ಧವಾಗಿರಲಿಲ್ಲ. ಸೋತ ಮೇಲೆ ಆತ ಸೈನ್ಯ ಇಳಿಸಲಿಲ್ಲ, ಫಲಿತಾಂಶಕ್ಕೆ ತಲೆಬಾಗಿದ. 1851ರಲ್ಲಿ ಆಗದೇ ಹೋದದ್ದು ಇದೇ ಅಲ್ಲವೇ? ಅವನಿಗೂ ಒಂದು ಗೌರವದ ದೃಶ್ಯ ಕೊಡಿ.

ಪರದೆಯ ಮೇಲಿನ ಮಾತಿನ ಬಗ್ಗೆ: ‘ಸದಾ ನೆನೆಯಿರಿ, ಎಂದೂ ಆಡಬೇಡಿ’ ಎಂಬುದು ಜನರ ಬಾಯಲ್ಲಿ ಚಿಕ್ಕದಾದ ರೂಪ. 1871ರ ನವೆಂಬರ್ 16ರಂದು ಸೇಂಟ್ ಕಾಂತಾಂ ಪಟ್ಟಣದಲ್ಲಿ ಆತ ಹೇಳಿದ್ದು, ಪರಕೀಯರ ಬಗ್ಗೆ ನಾವು ಎಂದೂ ಮಾತಾಡುವುದು ಬೇಡ, ಆದರೆ ಸದಾ ಅದನ್ನೇ ಯೋಚಿಸುತ್ತಿದ್ದೇವೆ ಎಂಬುದು ಅರ್ಥವಾಗಲಿ ಎಂದು. ಅದು ಕಳೆದುಕೊಂಡ ಅಲ್ಸಾಸ್ ಕುರಿತ ಮಾತು. 1877ರ ಕಥೆಗೆ ಹೊಂದುವುದಿಲ್ಲ. ಬರೆಸುವುದಾದರೆ ಲಿಲ್ ಭಾಷಣದ ಆ ಒಂದು ಸಾಲನ್ನು ಬರೆಸಿ, ಪಕ್ಕದಲ್ಲಿ ದಿನಾಂಕವನ್ನೂ ಹಾಕಿಸಿ.